ಹಳೆಯ ಯಂತ್ರಕ್ಕೆ ಹೊಸ ಚಾಕರಿ

ಸೋಲಾಪುರದವರಿಗೆ ಹಳೆಯ ಯಂತ್ರಗಳ ವಿಷಯದಲ್ಲಿ ಒಂದು ಬಗೆಯ ದಾಕ್ಷಿಣ್ಯ ಉಂಟು. ಹತ್ತೊಂಬತ್ತನೆಯ ಶತಮಾನದ ಎಂಟನೆಯ ದಶಕದಲ್ಲಿ ಸ್ಥಾಪಿತವಾಗಿ, ಕಿರಿಯ ಗಿರಣಿಗಳು ಒಂದೊಂದಾಗಿ ಹುಟ್ಟಿಕೊಂಡ ಮೇಲೆ ‘ಜೂನಿ ಗಿರಣಿ’ ಎಂಬ ಹಿರಿತನದ ಹೆಸರನ್ನು ಪಡೆದು, ಕಡೆಗೊಂದು ದಿನ ಬಾಗಿಲು ಮುಚ್ಚಿದ ಕಾರ್ಖಾನೆಯನ್ನು ಇಂದಿಗೂ ಮಾತಿನಲ್ಲಿ ಉಳಿಸಿಕೊಂಡಿರುವ ಊರು ಇದು. ಒಬ್ಬರು ಕೈಬಿಟ್ಟ ಮಗ್ಗವನ್ನು ಇನ್ನೊಬ್ಬರು ಕೊಂಡು, ಸವೆದ ಭಾಗಗಳನ್ನು ಬದಲಿಸಿ, ಎಣ್ಣೆ ಹಾಕಿ, ಮತ್ತೊಂದು ತಲೆಮಾರಿನವರೆಗೆ ಚಾದರ ನೇಯಿಸುವುದು ಇಲ್ಲಿ ಯಾರಿಗೂ ಕೌತುಕದ ಸಂಗತಿಯಾಗಿ ತೋರುವುದಿಲ್ಲ. ಆ ಚಾದರದ ಮೇಲಿನ ಹೂಬಳ್ಳಿಯನ್ನು ಮೂಡಿಸುವ ಮಗ್ಗದ ನೆತ್ತಿಯಲ್ಲಿ ತೂತು ಕೊರೆದ ರಟ್ಟುಗಳ ಮಾಲೆಯೊಂದು ನಿಧಾನವಾಗಿ ಸುತ್ತುತ್ತಿರುವುದನ್ನು ನೋಡಿದವರು ಬಲ್ಲರು: ತೂತಿರುವಲ್ಲಿ ಸೂಜಿ ಒಳಹೊಕ್ಕು ಆ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಫ್ರಾನ್ಸಿನ ಜಾಕಾರ್ಡ್ 1804ರ ಸುಮಾರಿಗೆ ರೂಢಿಗೆ ತಂದ ಈ ಉಪಾಯವನ್ನೇ ಇಂಗ್ಲೆಂಡಿನ ಬ್ಯಾಬೇಜ್ ತಾನು ಕನಸು ಕಂಡ ಗಣಿತಯಂತ್ರಕ್ಕೆ ಎರವಲು ಪಡೆದನು. ತೂತಿನ ರಟ್ಟುಗಳನ್ನೇ ಅಮೆರಿಕದ ಹಾಲರಿತ್ 1890ರ ಜನಗಣತಿಯಲ್ಲಿ ಎಣಿಕೆಗೆ ದುಡಿಸಿಕೊಂಡನು. ಹೀಗಿರುವಲ್ಲಿ, ಮಗ್ಗದ ಕಾರ್ಖಾನೆಯೊಂದರ ಮೂಲೆಯಲ್ಲಿ ಲೆಕ್ಕ ಬರೆದು ಬರೆದು ನಿರುಪಯುಕ್ತವೆನಿಸಿದ ಗಣಕಯಂತ್ರವೊಂದು ಭಂಗಾರದಂಗಡಿಗೆ, ಎಂದರೆ ಗುಜರಿಗೆ, ಹೊರಟು ನಿಂತಿದೆಯೆಂದು ಕೇಳಿದಾಗ ನನಗೆ ಅದು ನ್ಯಾಯವೆಂದು ತೋರಲಿಲ್ಲ.

ಅಕ್ಕಲಕೋಟ ರಸ್ತೆಯ ಔದ್ಯೋಗಿಕ ವಸಾಹತಿನಲ್ಲಿ ಮಗ್ಗಗಳನ್ನಿಟ್ಟುಕೊಂಡಿರುವ, ಆ ಕಾರ್ಖಾನೆಯ ಒಡೆಯರಾದ ಸ್ನೇಹಿತರು, “ಭಂಗಾರದವಗ ಕೊಡೂದದ ಸರ, ನಿಮಗ ಬೇಕಾದ್ರ ಒಯ್ರಿ. ಆದ್ರ ಏನ್ ಮಾಡ್ತೀರಿ ಇದನ್ನ?” ಎಂದು ಕೇಳಿದರು. “ಸರ್ವರ್ ಮಾಡ್ತೀನಿ” ಎಂದೆನು. ಸರ್ವರ್ ಎಂಬುದನ್ನು ಅವರು ಬಲ್ಲದ್ದು ಒಂದೇ ಸಂದರ್ಭದಲ್ಲಿ. ಸರಕಾರಿ ಕಚೇರಿಯ ಗವಾಕ್ಷಿಯ ಮುಂದೆ ಸರತಿಯಲ್ಲಿ ನಿಂತು ನಿಂತು ಕಾಲು ಸೋತ ಮೇಲೆ ಒಳಗಿನಿಂದ ಕೇಳಿಬರುವ “ಸರ್ವರ್ ಡೌನ್” ಎಂಬ ಆಕಾಶವಾಣಿಯಲ್ಲಿ ಮಾತ್ರ. ಅಷ್ಟು ದೂರದ, ಅಷ್ಟು ಅದೃಶ್ಯವಾದ, ಸದಾ ಕೆಳಗೆ ಬಿದ್ದೇ ಇರುವ ಆ ಮಹಾವಸ್ತುವನ್ನು ಮುರುಕು ಪೆಟ್ಟಿಗೆಯೊಂದರಿಂದ ಮನೆಯಲ್ಲಿಯೇ ನಿರ್ಮಿಸುವೆನೆಂದ ನನ್ನನ್ನು ಅವರು ಕನಿಕರದಿಂದ ನೋಡಿ, ಆಳಿನ ಕೈಯಲ್ಲಿ ಅದನ್ನು ರಿಕ್ಷಾಕ್ಕೆ ಹೊರಿಸಿದರು.

ಮನೆಗೆ ತಂದು ಮೊಳೆ ಬಿಚ್ಚಿ ಮುಚ್ಚಳ ತೆಗೆದಾಗ ಒಳಗೆ ಯಂತ್ರ ಕಾಣಲಿಲ್ಲ, ಹತ್ತಿ ಕಂಡಿತು. ವರ್ಷಗಟ್ಟಲೆ ಮಗ್ಗಗಳ ಗಾಳಿಯನ್ನೇ ಉಸಿರಾಡಿದ ಆ ಪೆಟ್ಟಿಗೆಯ ಪಂಖದ ಎಲೆಗಳ ನಡುವೆ, ತಂತಿಗಳ ಸಂದಿನಲ್ಲಿ, ಶಾಖವನ್ನು ಚೆಲ್ಲುವ ಅಲ್ಯೂಮಿನಿಯಮಿನ ಹಲ್ಲುಗಳ ಬುಡದಲ್ಲಿ, ಕೆಂಪು, ಹಸುರು, ಕಡುನೀಲಿ ಎಳೆಗಳು ಪದರಪದರವಾಗಿ ಕೂಡಿಕೊಂಡು ಚಿಕ್ಕದೊಂದು ಕಂಬಳಿಯೇ ಆಗಿಬಿಟ್ಟಿದ್ದಿತು. ಯಾವ ಹಂಗಾಮಿನಲ್ಲಿ ಯಾವ ಬಣ್ಣದ ಚಾದರಕ್ಕೆ ಬೇಡಿಕೆ ಹೆಚ್ಚಿತ್ತೆಂಬುದನ್ನು ಆ ಪದರಗಳಿಂದಲೇ ಓದಿ ತೆಗೆಯಬಹುದಾಗಿತ್ತು. ಬಣ್ಣ ಬಳಿಯುವ ಕುಂಚದಿಂದ ಅದನ್ನೆಲ್ಲ ಬಿಡಿಸುತ್ತ ಕುಳಿತ ನನ್ನನ್ನು ನೋಡಿ ನನ್ನ ಮನೆಯಾಕೆ, “ಅಲ್ರೀ, ಮಾಳಗಿ ಮ್ಯಾಲಿನ ಪಂಖಾ ಒರಸ್ರಿ ಅಂದ್ರ ಸೊಂಟನೋವು ಅಂತೀರಿ” ಎಂದಳು. ಉತ್ತರವಿಲ್ಲದ ಮಾತಿಗೆ ಉತ್ತರ ಕೊಡದಿರುವುದೇ ಗೃಹಸ್ಥಧರ್ಮ.

ಧೂಳು ಹೋದ ಮೇಲೆ ಯಂತ್ರದ ನಿಜರೂಪ ಗೋಚರಿಸಿತು. 2008ರಲ್ಲಿ ಇಂಟೆಲ್ ಕಂಪನಿ ಅಗ್ಗದ ಗಣಕಗಳಿಗೆಂದು ಹೊರತಂದ ಆಟಮ್ 230 ಎಂಬ ಸಂಸ್ಕಾರಕ, ಒಂದು ಜಿಬಿ ರ‍್ಯಾಮು, ಎಂಬತ್ತು ಜಿಬಿಯ ಹಾರ್ಡ್ ಡಿಸ್ಕು. ಇಂದಿನ ಸಾಧಾರಣ ಮೊಬೈಲಿನ ಮುಂದೆಯೂ ತಲೆಯೆತ್ತಿ ನಿಲ್ಲಲಾರದ ಸಂಪತ್ತು. ಇವನ್ನು ಹೊತ್ತ ಮದರ್‌ಬೋರ್ಡೆಂಬ ಫಲಕದಲ್ಲಿ ಒಂದು ವಿನೋದವಿದೆ. ಯೋಚಿಸುವ ಕೆಲಸ ಮಾಡುವ ಆಟಮ್ ಬೇಡುವುದು ನಾಲ್ಕೇ ವ್ಯಾಟು. ಅದರ ಮಾತನ್ನು ಅತ್ತಿತ್ತ ಮುಟ್ಟಿಸುವ ಹಳೆಯ ಚಿಪ್‌ಸೆಟ್ಟು ಬೇಡುವುದಾದರೋ ಇಪ್ಪತ್ತೆರಡು. ಆದ್ದರಿಂದ ಪಂಖವಿರುವುದೂ ಅದರ ತಲೆಯ ಮೇಲೆಯೇ, ಆಟಮ್ಮಿನ ಮೇಲಲ್ಲ. ಯಜಮಾನನು ಒಂದು ರೊಟ್ಟಿ ತಿಂದು ಎದ್ದ ಪಂಕ್ತಿಯಲ್ಲಿ ಪರಿಚಾರಕನು ಐದಾರು ರೊಟ್ಟಿ ಮುಗಿಸಿ ಗಾಳಿ ಹಾಕಿಸಿಕೊಳ್ಳುತ್ತ ಕುಳಿತ ಈ ಚೋದ್ಯವನ್ನು ನೆನೆದಾಗಲೆಲ್ಲ, ನಾನು ಆಯುಷ್ಯ ಸವೆಸಿದ ಕಚೇರಿಗಳು ನೆನಪಾಗುತ್ತವೆ.

ಆಟಮ್ಮಿನ ಮಂದಗತಿಗೂ ಒಂದು ಪುಣ್ಯವಿದೆಯೆಂಬುದು ಅನಂತರ ತಿಳಿಯಿತು. ವೇಗಶಾಲಿಗಳಾದ ಸಂಸ್ಕಾರಕಗಳು ಮುಂದೆ ಬರಬಹುದಾದ ಆಜ್ಞೆಯನ್ನು ಊಹಿಸಿ, ಅದು ಬರುವ ಮೊದಲೇ ಅರ್ಧ ಕೆಲಸವನ್ನು ಮುಗಿಸಿಟ್ಟಿರುತ್ತವೆ. ಈ ಆತುರದ ಊಹೆಯ ಹಿಂಬಾಗಿಲಿನಿಂದ ಗುಟ್ಟುಗಳನ್ನು ಕದಿಯಬಹುದೆಂದು 2018ರ ಜನವರಿಯಲ್ಲಿ ಬಯಲಾದಾಗ, ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಹೆಸರುಗಳಿಂದ ಲೋಕದ ಗಣಕಗಳೆಲ್ಲ ತಲ್ಲಣಿಸಿದವು. ನಮ್ಮ ಆಟಮ್ಮು ಹೇಳಿದ್ದನ್ನು ಹೇಳಿದ ಕ್ರಮದಲ್ಲಿಯೇ ಮಾಡುವ ಜಾತಿಯದು. ಊಹೆಗೆ ಹೋಗುವುದಿಲ್ಲ, ಆ ಕಾರಣ ಆ ವ್ಯಾಧಿ ಅದನ್ನು ಸೋಂಕಲಿಲ್ಲ.

ಯಂತ್ರದ ಆರೋಗ್ಯ ಇಷ್ಟು. ಸ್ಮೃತಿಯದು ಬೇರೆಯೇ ಕಥೆ. ಫಲಕದ ಮೇಲಿನ ಬಿಲ್ಲೆಯಂಥ ಬ್ಯಾಟರಿ ಸತ್ತುಹೋಗಿದ್ದುದರಿಂದ, ವಿದ್ಯುತ್ತು ಹೋಗಿ ಬಂದಾಗಲೆಲ್ಲ ಅದರ ಗಡಿಯಾರ 2008ಕ್ಕೆ ಮರಳುತ್ತಿತ್ತು. ಇದೊಂದು ಕ್ಷುಲ್ಲಕ ದೋಷವೆಂದು ಭಾವಿಸುವವರು ಲಿನಕ್ಸಿನ ಕಟ್ಟುನಿಟ್ಟನ್ನು ಅರಿಯರು. ಹೊಸ ತಂತ್ರಾಂಶವನ್ನು ತರಿಸಹೋದರೆ, ಆ ತಂತ್ರಾಂಶದ ಸಾಚಾತನಕ್ಕೆ ಸಹಿ ಹಾಕಿದ ಪತ್ರವು ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಯಂತ್ರ ನಿರಾಕರಿಸುತ್ತದೆ. ಅದರ ದೃಷ್ಟಿಯಲ್ಲಿ ಆ ಪತ್ರ ಹುಟ್ಟಬೇಕಾದದ್ದು ಎಷ್ಟೋ ವರ್ಷಗಳ ಮೇಲೆ. ನವಿ ಪೇಠೆಯ ಗಡಿಯಾರದಂಗಡಿಯಲ್ಲಿ ಹೊಸ ಬಿಲ್ಲೆ ಸಿಕ್ಕಿತು. ಅದಾದ ಮೇಲೆ ಮತ್ತೊಂದು ತೊಡಕು. ಸರ್ವರಿಗೆ ಪರದೆಯೂ ಬೇಡ, ಕೀಲಿಮಣೆಯೂ ಬೇಡವೆಂದು ಎರಡನ್ನೂ ಕಳಚಿಟ್ಟರೆ, ಯಂತ್ರ ಏಳಲೊಲ್ಲದು. ಪರದೆ ಜೋಡಿಸಿ ನೋಡಿದರೆ, ಕೀಲಿಮಣೆ ಇಲ್ಲವೆಂದೂ, ಮುಂದುವರಿಯಬೇಕಾದರೆ ಎಫ್ 1 ಎಂಬ ಕೀಲಿಯನ್ನು ಒತ್ತಬೇಕೆಂದೂ ಬರೆದುಕೊಂಡು ನಿಂತಿದೆ! ಇಲ್ಲದ ಕೀಲಿಮಣೆಯ ಕೀಲಿಯನ್ನು ಒತ್ತುವ ಯೋಗಸಿದ್ಧಿ ಸಿದ್ಧರಾಮನ ಊರಿನಲ್ಲಿ ಹುಟ್ಟಿಯೂ ನನಗೆ ಒಲಿದಿರಲಿಲ್ಲವಾಗಿ, ಬಯಾಸ್ ಎಂಬ ಮೂಲಪಟ್ಟಿಯೊಳಕ್ಕೆ ಹೋಗಿ ‘ಯಾವ ದೋಷಕ್ಕೂ ನಿಲ್ಲತಕ್ಕದ್ದಲ್ಲ’ ಎಂದೂ, ‘ವಿದ್ಯುತ್ತು ಮರಳಿದೊಡನೆ ತಾನಾಗಿ ಏಳತಕ್ಕದ್ದು’ ಎಂದೂ ಆಜ್ಞಾಪಿಸಬೇಕಾಯಿತು.

ಇಂಥ ಯಂತ್ರಕ್ಕೆ ಲಿನಕ್ಸಲ್ಲದೆ ಅನ್ಯ ಗತಿಯಿಲ್ಲ. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ತರುಣನು, ತನ್ನ 386 ಗಣಕದಲ್ಲಿ ಹವ್ಯಾಸಕ್ಕೆಂದು ಕಟ್ಟುತ್ತಿರುವ ಕಾರ್ಯವ್ಯವಸ್ಥೆಯ ಸುದ್ದಿಯನ್ನು ಸಂಕೋಚದಿಂದಲೇ ಪ್ರಕಟಿಸಿದನು. ಆ ಹವ್ಯಾಸವೇ ಇಂದು ಜಗತ್ತಿನ ಬಹುಪಾಲು ಸರ್ವರುಗಳ ಜೀವಾಳ. ಅದಾವ 386ರ ತೊಡೆಯ ಮೇಲೆ ಲಿನಕ್ಸು ಹುಟ್ಟಿತೋ, 2012ರ ಡಿಸೆಂಬರಿನಲ್ಲಿ ಅದೇ 386ಕ್ಕೆ ಲಿನಕ್ಸು ತನ್ನ ಬಾಗಿಲು ಮುಚ್ಚಿತು. ವೃದ್ಧರನ್ನು ಮರೆಯುವ ಈ ಗುಣ ಸರ್ವತ್ರ ವ್ಯಾಪಿಸಿದೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಬಹುಕಾಲ ಹಳೆಯ ಯಂತ್ರಗಳ ಧರ್ಮಛತ್ರವಾಗಿದ್ದಿತು. 2025ರ ಆಗಸ್ಟಿನಲ್ಲಿ ಬಂದ ಹದಿಮೂರನೆಯ ಆವೃತ್ತಿಯಿಂದ ಅದೂ ಮೂವತ್ತೆರಡು ಬಿಟ್ಟಿನ ಗಣಕಗಳಿಗೆ ಅನುಸ್ಥಾಪನೆಯ ಸೌಲಭ್ಯವನ್ನು ನಿಲ್ಲಿಸಿತು. ಕಿರಿಗಣಕಗಳಲ್ಲಿರುತ್ತಿದ್ದ ಎನ್ 270 ಎಂಬ ಇನ್ನೊಂದು ಆಟಮ್ಮಿಗೆ ಅರವತ್ತನಾಲ್ಕು ಬಿಟ್ಟಿನ ವಿದ್ಯೆ ಬಾರದು, 230ಕ್ಕೆ ಬರುತ್ತದೆ. ಅಷ್ಟೊಂದು ಅಕ್ಷರಜ್ಞಾನದ ಬಲದಿಂದ ನಮ್ಮ ಯಂತ್ರ ಛತ್ರದೊಳಗೆ ಉಳಿಯಿತು.

ಅನುಸ್ಥಾಪನೆಯಲ್ಲಿ ಹೇಳುವಂಥದು ಹೆಚ್ಚಿಲ್ಲ. ಚಿತ್ರಮಯವಾದ ಮೇಜಿನ ಅಲಂಕಾರಗಳನ್ನೆಲ್ಲ ಬೇಡವೆಂದರೆ ಉಳಿಯುವುದು ಕಪ್ಪು ಪರದೆ, ಬಿಳಿಯ ಅಕ್ಷರ. ಒಂದು ಜಿಬಿಯ ರ‍್ಯಾಮಿನಲ್ಲಿ ಹತ್ತರಲ್ಲೊಂದು ಪಾಲಿನ ಆಸುಪಾಸನ್ನು ಮಾತ್ರ ಬಳಸಿಕೊಂಡು ಅದು ಸುಮ್ಮನಿರುತ್ತದೆ. ಪುಟಗಳನ್ನು ಬಡಿಸುವ ತಂತ್ರಾಂಶವನ್ನು ಆರಿಸುವಾಗ ಮಾತ್ರ ವಿವೇಚನೆ ಅವಶ್ಯಕ. ಅಪಾಚೆ ಎಂಬ ಹಿರಿಯ ತಂತ್ರಾಂಶವು ತನ್ನ ಹಳೆಯ ರೂಢಿಯಲ್ಲಿ ಬಂದ ಒಬ್ಬೊಬ್ಬ ಅತಿಥಿಗೂ ಒಬ್ಬೊಬ್ಬ ಸೇವಕನನ್ನು ನಿಯೋಜಿಸುತ್ತದೆ. ಸಿರಿವಂತರ ಮನೆಗೆ ಅದು ಶೋಭಿಸುವಂಥದು. ರಷ್ಯದ ಇಗೋರ್ ಸಿಸೋಯೆವ್ 2004ರಲ್ಲಿ ಲೋಕಕ್ಕೆ ಕೊಟ್ಟ ಎಂಜಿನ್‌ಎಕ್ಸ್ ಎಂಬುದರಲ್ಲಿ ಬೆರಳೆಣಿಕೆಯ ಸೇವಕರೇ, ಯಾರಿಗೆ ಯಾವಾಗ ಏನು ಸಿದ್ಧವಾಗುವುದೋ ಆಗ ಅದನ್ನು ಮುಟ್ಟಿಸುತ್ತ, ನೂರಾರು ಅತಿಥಿಗಳನ್ನು ಸಂಭಾಳಿಸುತ್ತಾರೆ. ಬಡತನಕ್ಕೆ ಒಪ್ಪುವ ಕ್ರಮವಿದು, ಇದನ್ನೇ ಹೂಡಿದೆನು.

ಏನನ್ನು ಬಡಿಸುವುದು ಎಂಬ ಪ್ರಶ್ನೆಗೆ ಉತ್ತರ ಊರಿನಲ್ಲಿಯೇ ಇದ್ದಿತು. ಹನ್ನೆರಡನೆಯ ಶತಮಾನದಲ್ಲಿ ಆಗ ಸೊನ್ನಲಿಗೆಯೆನಿಸಿದ್ದ ಈ ಊರಿನಲ್ಲಿ ಕೆರೆ ಕಟ್ಟಿಸಿ, ದೇಗುಲಗಳನ್ನೆಬ್ಬಿಸಿ, ಕಲ್ಯಾಣಕ್ಕೆ ಹೋಗಿ ವಚನಕಾರನಾದ ಸಿದ್ಧರಾಮನ ವಚನಗಳಿಗಿಂತ ಮೊದಲು ಮತ್ತಾವುದನ್ನು ಇಡಲಾದೀತು? ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳ ಹಿಂದೆ ನಡೆಯುವ ಸಹಸ್ರಾರು ಜನರಲ್ಲಿ ಮರಾಠಿ, ತೆಲುಗು, ಕನ್ನಡ ಮೂರೂ ಭಾಷೆಯವರಿದ್ದಾರೆ. ಆತನು ನುಡಿದ ಕನ್ನಡವನ್ನು ಓದಬಲ್ಲವರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ವಚನಗಳನ್ನು ಟೈಪು ಮಾಡುತ್ತಿರುವಾಗಲೇ ಕನ್ನಡಕ್ಕೆ ಗಣಕದಲ್ಲಿ ತೆರಬೇಕಾದ ಸುಂಕ ಅರಿವಿಗೆ ಬಂದುದು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಒಂದೊಂದು ವರ್ಣಕ್ಕೂ ಸ್ವರಚಿಹ್ನೆಗೂ ಮೂರು ಮೂರು ಬೈಟುಗಳು ಬೇಕು. ಸೊನ್ನಲಿಗೆ ಎಂದು ಬರೆದರೆ ಇಪ್ಪತ್ತೇಳು ಬೈಟು ವ್ಯಯ. ಆದರೆ ಆ ಮೂರರಲ್ಲಿ ಮೊದಲನೆಯದು ಕನ್ನಡದ ಸಕಲ ಅಕ್ಷರಗಳಿಗೂ ಒಂದೇ. ಎರಡನೆಯದು ಎರಡೇ ಎರಡು ರೂಪಗಳಲ್ಲಿ ಒಂದು. ನಿಜವಾಗಿ ಬದಲಾಗುವುದು ಮೂರನೆಯದೇ. ಇಷ್ಟೊಂದು ಪುನರುಕ್ತಿಯಿರುವ ಪಠ್ಯವನ್ನು ಜಿಜಿಪ್ ಎಂಬ ಸಂಕೋಚನವಿಧಾನ ಅನಾಯಾಸವಾಗಿ ಹಿಂಡಿ ಚಿಕ್ಕದು ಮಾಡುತ್ತದೆ. ಓದುಗನು ಕೇಳಿದಾಗಲೆಲ್ಲ ಹಿಂಡುತ್ತ ಕುಳಿತರೆ ಆಟಮ್ಮಿಗೆ ಏದುಸಿರು ಬರುವುದೆಂದು, ಪುಟಗಳನ್ನೆಲ್ಲ ಮೊದಲೇ ಒಮ್ಮೆ ಹಿಂಡಿಟ್ಟು, ಕೇಳಿದವರಿಗೆ ಹಾಗೆಯೇ ಎತ್ತಿಕೊಡುವ ಏರ್ಪಾಡು ಮಾಡಿದೆನು. ಸುಂಕದ ಬಹುಭಾಗ ಹೀಗೆ ಮರಳಿ ಬಂದಿತು.

ಸಿದ್ಧರಾಮನ ಜೊತೆಗೆ ಆತನ ಪುರಾಣವನ್ನು ಬರೆದ ನಮ್ಮೂರ ಜಯದೇವಿತಾಯಿ ಲಿಗಾಡೆಯವರೂ ಇರಬೇಕೆಂಬುದು ಸಹಜವಾದ ಆಸೆ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಪೀಠವೇರಿದ ಪ್ರಥಮ ಮಹಿಳೆಯೆನಿಸಿದ ತಾಯಿ ಅವರು. ಆದರೆ ಅವರು ತೀರಿಕೊಂಡದ್ದು 1986ರಲ್ಲಿ. ಲೇಖಕರ ಮರಣಾನಂತರ ಅರವತ್ತು ವರ್ಷಗಳವರೆಗೆ ಹಕ್ಕು ಉಳಿಯುವುದೆಂಬ ನಮ್ಮ ದೇಶದ ಕಾನೂನಿನಂತೆ ಅವರ ಕೃತಿ ಎಲ್ಲರದಾಗುವುದು 2047ರಲ್ಲಿ. ಅಲ್ಲಿಯವರೆಗೆ ಈ ಯಂತ್ರವೂ ಇರದು, ನಾನೂ ಇರೆನು. ಇದಕ್ಕೆ ಪ್ರತಿಯಾಗಿ, 1950ರಲ್ಲಿ ಸೋಲಾಪುರದಲ್ಲಿಯೇ ನೆರೆದ ಸಮ್ಮೇಳನದ ಅಧ್ಯಕ್ಷರಾದ ಎಂ. ಆರ್. ಶ್ರೀನಿವಾಸಮೂರ್ತಿಗಳು 1953ರಲ್ಲಿ ದಿವಂಗತರಾದವರಾಗಿ, ಅವರ ‘ರಂಗಣ್ಣನ ಕನಸಿನ ದಿನಗಳು’ ಈಗ ಸರ್ವಸ್ವತಂತ್ರ. ಶಾಲಾ ಇನ್‌ಸ್ಪೆಕ್ಟರೊಬ್ಬನ ಸರ್ಕೀಟಿನ ಆ ಕಥೆಯನ್ನು ಇಟ್ಟೆನು.

ಇಷ್ಟಾಗುವಾಗ್ಗೆ ಬೇಸಗೆ ಬಂದಿತು. ಸೋಲಾಪುರದ ಮೇ ತಿಂಗಳಲ್ಲಿ ಉಷ್ಣಮಾನ ನಲವತ್ತನ್ನು ದಾಟುವುದು ವಾರ್ತೆಯೆನಿಸುವುದಿಲ್ಲ. ಮನುಷ್ಯರೇ ಮಧ್ಯಾಹ್ನ ಕದವಿಕ್ಕಿಕೊಂಡು ಬಿದ್ದಿರುವಾಗ ಯಂತ್ರವನ್ನು ಹಗಲಿರುಳು ದುಡಿಸುವುದು ಹೇಗೆ? ಪೆಟ್ಟಿಗೆಯ ಮುಚ್ಚಳವನ್ನೇ ತೆಗೆದಿಟ್ಟು, ನೀರಿನ ಮಡಕೆಯಿರುವ ತಣ್ಣನೆಯ ಮೂಲೆಗೆ, ನೀರು ಸಿಡಿಯದಷ್ಟು ಎತ್ತರದಲ್ಲಿ, ಅದನ್ನು ಸಾಗಿಸಿದೆನು. ಮೂವತ್ತು ವ್ಯಾಟಿನಂತೆ ಅಖಂಡವಾಗಿ ಉರಿದರೆ ತಿಂಗಳಿಗೆ ಇಪ್ಪತ್ತೆರಡು ಯೂನಿಟ್ಟಿನ ಸಮೀಪ. ಈ ಲೆಕ್ಕವನ್ನು ಮನೆಯಲ್ಲಿ ನಾನಾಗಿ ಹೇಳಲಿಲ್ಲ, ಬಿಲ್ಲು ಹೇಳಿತು.

ಅದಕ್ಕಿಂತ ದೊಡ್ಡ ತೊಡಕು ಬೇರೆಡೆಯಿದ್ದಿತು. ಯಂತ್ರ ಸಿದ್ಧವಾಗಿದೆ, ಪುಟಗಳಿವೆ. ಹೊರಗಿನಿಂದ ಯಾರೂ ಒಳಗೆ ಬರಲಾರರು. ಅಂತರಜಾಲದ ಹಳೆಯ ಕ್ರಮದ ವಿಳಾಸಗಳು ಒಟ್ಟು ನಾನೂರ ಮೂವತ್ತು ಕೋಟಿಯಷ್ಟು ಮಾತ್ರ; ಅವು ಎಂದೋ ಮುಗಿದುಹೋದವು. ಸಂಪರ್ಕ ಕೊಡುವವರು ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸಿರುತ್ತಾರೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಇಂಥ ಮನೆಗೇ ಎಂದು ಬರುವಂತಿಲ್ಲ. ಹಣ ತೆತ್ತು ಸ್ವಂತ ವಿಳಾಸ ಕೊಳ್ಳಬಹುದು, ಹೊಸ ಕ್ರಮದ ವಿಳಾಸಗಳಿವೆ, ಸುರಂಗಗಳೆಂಬ ಉಪಾಯಗಳಿವೆ. ಅವೆಲ್ಲವನ್ನೂ ತೂಗಿ ನೋಡುತ್ತಿರುವಾಗಲೇ, ಲೋಕವೆಲ್ಲ ನನ್ನ ಮಡಕೆಯ ಮೂಲೆಗೆ ಬರಬೇಕೆಂಬ ಈ ಹಂಬಲ ಏತಕ್ಕೆ ಎಂಬ ಸಂದೇಹ ಮೂಡಿತು. ಲೋಕಕ್ಕೆ ಪುಟಗಳ ಬರವಿಲ್ಲ. ಬರವಿರುವ ಸ್ಥಳಗಳು ಹತ್ತಿರದಲ್ಲಿಯೇ ಇವೆ.

ನನ್ನ ಅಕ್ಕನ ಮಗ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದ ಶಾಲೆಯ ಶಿಕ್ಷಕ. ಆ ಭಾಗದ ಕನ್ನಡ ಶಾಲೆಗಳ ಸ್ಥಿತಿಯನ್ನು ಬೆಂಗಳೂರಿನವರಿಗೆ ವಿವರಿಸುವುದು ಸುಲಭವಲ್ಲ: ರಾಜ್ಯ ಮಹಾರಾಷ್ಟ್ರ, ಮನೆಯ ಮಾತು ಕನ್ನಡ, ಪೇಟೆಯ ಮಾತು ಮರಾಠಿ, ಪಠ್ಯಪುಸ್ತಕ ಕನ್ನಡದ್ದೇ ಆದರೂ ಅದನ್ನು ಸಿದ್ಧಪಡಿಸುವುದು ಪುಣೆಯಲ್ಲಿ, 1967ರಲ್ಲಿ ಸ್ಥಾಪಿತವಾದ ಬಾಲಭಾರತಿಯಲ್ಲಿ. ಆ ಪುಸ್ತಕಗಳನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಕೊಡುತ್ತಾರೆ. ಪುಟಗಳಲ್ಲಿ ಚೌಕಾಕಾರದ ಕ್ಯೂಆರ್ ಸಂಕೇತಗಳಿವೆ. ಈ ಸಂಕೇತಗಳ ಬಳಕೆಗೆ ನಾಂದಿ ಹಾಡಿದವರಲ್ಲಿ ಪ್ರಮುಖರೂ, 2020ರ ಜಾಗತಿಕ ಶಿಕ್ಷಕ ಪ್ರಶಸ್ತಿಗೆ ಪಾತ್ರರೂ ಆದ ರಣಜಿತಸಿಂಹ ಡಿಸಲೆಯವರು ಇದೇ ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಅವರ ವಿಷಯದಲ್ಲಿ ನಮಗೆ ವಿಶೇಷ ಅಭಿಮಾನ. ಆದರೆ ಸಂಕೇತವು ಬೆರಳು ತೋರಿಸುವುದು ದೂರದ ಸರ್ವರಿನ ಕಡೆಗೆ. ನನ್ನ ಅಳಿಯನ ಶಾಲೆಯಲ್ಲಿ ಮೊಬೈಲಿನ ಸಂಕೇತಬಲ ದೊರೆಯುವುದು ಅಂಗಳದ ಬೇವಿನ ಕಟ್ಟೆಯ ಮೇಲೆ ನಿಂತವರಿಗೆ ಮಾತ್ರ. “ಮಾಮಾ, ಆ ಡಬ್ಬಿ ನಮ್ಮ ಸಾಲಿಗಿ ಕೊಟ್ಟಬಿಡ್ರಿ” ಎಂದನು. ನಾನು ಒಪ್ಪುವ ಮೊದಲೇ ಅವನ ಅತ್ತೆ ಒಪ್ಪಿಬಿಟ್ಟಳು.

ಆ ಪಠ್ಯಪುಸ್ತಕಗಳನ್ನೂ ಯಂತ್ರದೊಳಗೆ ತುಂಬಿಕೊಂಡು, ಎಸ್‌ಟಿ ಬಸ್ಸಿನಲ್ಲಿ ಕುಂಭಾರಿ, ವಳಸಂಗ ದಾಟಿ, ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟ ಪುಣೆ-ಮುಂಬಯಿಯ ಭಕ್ತರ ನಡುವೆ ತೊಡೆಯ ಮೇಲೆ ಪೆಟ್ಟಿಗೆಯನ್ನಿಟ್ಟುಕೊಂಡು ಅಕ್ಕಲಕೋಟ ಸೇರಿ, ಅಲ್ಲಿಂದ ಹಳ್ಳಿಗೆ ಹೋದೆನು. ಶಾಲೆಯ ಕಪಾಟಿನ ನೆತ್ತಿಯ ಮೇಲೆ ಅದಕ್ಕೆ ಸ್ಥಾನ ದೊರೆಯಿತು. ಪಕ್ಕದಲ್ಲಿ ವೈಫೈ ಬೀರುವ ಹಳೆಯದೊಂದು ರೂಟರು. ಜಗತ್ತಿನ ಪ್ರಥಮ ಜಾಲಸರ್ವರು ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀಯವರ ಮೇಜಿನ ಮೇಲೆ ಇದ್ದಾಗ, ಯಾರಾದರೂ ಅದನ್ನು ಆರಿಸಿಬಿಟ್ಟಾರೆಂಬ ಭೀತಿಯಿಂದ, ಇದು ಸರ್ವರು, ಆರಿಸಕೂಡದು ಎಂದು ಕೆಂಪು ಶಾಯಿಯಲ್ಲಿ ಚೀಟಿ ಬರೆದು ಅಂಟಿಸಿದ್ದರು. ಅದೇ ಸಂಪ್ರದಾಯವನ್ನನುಸರಿಸಿ ನಾವೂ ‘ಬಂದ್ ಮಾಡಬಾರದು’ ಎಂದು ಕನ್ನಡದಲ್ಲಿಯೂ, ತಪಾಸಣೆಗೆ ಬರುವ ಅಧಿಕಾರಿಗಳಿಗಾಗಿ ಮರಾಠಿಯಲ್ಲಿಯೂ ಬರೆದು ಹಚ್ಚಿದೆವು. ಆದರೂ ಶಾಲೆ ಬಿಟ್ಟೊಡನೆ ಮೇನ್ ಸ್ವಿಚ್ಚನ್ನೇ ಇಳಿಸಿ ಮನೆಗೆ ಹೋಗುವುದು ಸಿಪಾಯಿಯ ನಿತ್ಯವ್ರತ. ಬೆಳಗ್ಗೆ ಸ್ವಿಚ್ಚು ಏರಿಸಿದಾಗ ಯಂತ್ರ ತಾನಾಗಿ ಎದ್ದು, ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕೆಲಸಕ್ಕೆ ಸಿದ್ಧವಾಗಿರುತ್ತದಾದ ಕಾರಣ, ವ್ರತಭಂಗ ಮಾಡಿಸುವ ಅಗತ್ಯ ಬೀಳಲಿಲ್ಲ.

ತೊಂದರೆ ಕೊಟ್ಟುದು ಮೊಬೈಲುಗಳು. ನಮ್ಮ ವೈಫೈಗೆ ಸೇರಿದೊಡನೆ ಅವು ಹೊರಲೋಕವನ್ನು ಅರಸಿ, ಕಾಣದೆ, ಇಲ್ಲಿ ಇಂಟರ್ನೆಟ್ ಇಲ್ಲವೆಂದು ಮುನಿಸಿಕೊಂಡು ಹೊರಟುಹೋಗುತ್ತವೆ. ಇಂಟರ್ನೆಟ್ ಇಲ್ಲದೆಯೂ ಜಾಲಪುಟ ಇರಬಹುದೆಂಬುದು ಅವುಗಳ ತಿಳಿವಿಗೆ ನಿಲುಕದು. ಮಕ್ಕಳಿಗೆ ಒಮ್ಮೆ ತೋರಿಸಿದ್ದೇ ಸಾಕಾಯಿತು. “ಆದ್ರೂ ಇಲ್ಲೇ ಇರ್ತೀನಿ ಅನ್ನೂದ ಒತ್ತಬೇಕ್ರಿ ಸರ” ಎಂದು ಈಗ ಅವರೇ ಹಿರಿಯರಿಗೆ ಕಲಿಸುತ್ತಾರೆ.

ಯಾರು ಯಾವ ಪುಟ ತೆರೆದರೆಂಬುದನ್ನು ಸರ್ವರು ಸಾಲು ಸಾಲಾಗಿ ದಾಖಲಿಸಿಡುತ್ತದೆ. ಅಲ್ಲಿಗೆ ಹೋದಾಗಲೆಲ್ಲ ಆ ದಾಖಲೆಯನ್ನು ಓದುವುದು ನನಗೊಂದು ವ್ಯಸನವೇ ಆಗಿದೆ. ಪಠ್ಯಪುಸ್ತಕಗಳನ್ನು ಮಕ್ಕಳು ಪರೀಕ್ಷೆಯ ವಾರದಲ್ಲಿ ತೆರೆಯುತ್ತಾರೆ. ‘ರಂಗಣ್ಣ’ನನ್ನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓದುತ್ತಿರುವವರು ಶಿಕ್ಷಕರು, ಇನ್‌ಸ್ಪೆಕ್ಟರುಗಳ ವಿಷಯದಲ್ಲಿ ಅವರಿಗಿರುವ ಆಸಕ್ತಿ ಶುದ್ಧಸಾಹಿತ್ಯಕವೆಂದು ನಾನು ಹೇಳಲಾರೆ. ಸಿದ್ಧರಾಮನ ವಚನಗಳಿಗೆ ಶ್ರಾವಣದಲ್ಲಿ ಓದುಗರು ಹೆಚ್ಚು. ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಸಂಪರ್ಕವಿಲ್ಲದೆಯೂ ಓದಬಹುದಾದ ಕನ್ನಡ ವಿಕಿಪೀಡಿಯದಲ್ಲಿ ಡೈನೋಸಾರ್, ಚಂದ್ರಯಾನ ಮೊದಲಾದವನ್ನು ಸುತ್ತಿ ಬಂದ ಮೇಲೆ ಪ್ರತಿಯೊಂದು ಮಗುವೂ ಹುಡುಕುವುದು ತನ್ನ ಊರಿನ ಹೆಸರನ್ನು. ಅದು ಅಲ್ಲಿ ಇಲ್ಲ.

ಇಲ್ಲವೆಂದ ಮೇಲೆ ತಾವೇ ಬರೆಯತೊಡಗಿದರು. ಊರ ಬಾವಿ, ಜಾತ್ರೆ, ತೊಗರಿಯ ರಾಶಿ, ಯಾರ ಹೊಲದ ಹುಣಿಸೆಮರದಲ್ಲಿ ದೆವ್ವವಿದೆ ಎಂಬುದರ ಸಾಧಾರ ನಿರೂಪಣೆ ಇವೆಲ್ಲ ಒಂದೊಂದು ಪುಟವಾಗಿ ಸೇರಿದವು. ಪಠ್ಯ ಎಷ್ಟು ಬಂದರೂ ಯಂತ್ರಕ್ಕೆ ಭಾರವಲ್ಲ. ಆದರೆ ಹುಡುಗಿಯೊಬ್ಬಳು ತನ್ನ ಅಜ್ಜಿಯ ಬೀಸುವ ಹಾಡನ್ನು ಮೊಬೈಲಿನಲ್ಲಿ ಹಿಡಿದು ತಂದಳು; ಮರುದಿನದಿಂದ ಊರಿನ ಅಜ್ಜಿಯರೆಲ್ಲರ ಹಾಡುಗಳೂ ಬರತೊಡಗಿ, ಎಂಬತ್ತು ಜಿಬಿಯ ಡಿಸ್ಕಿನಲ್ಲಿ ಉಳಿದ ಸ್ಥಳ ಕರಗುತ್ತಿದೆ. ಮುಖ್ಯಾಧ್ಯಾಪಕರು ಬಿಸಿಯೂಟದ ಲೆಕ್ಕವನ್ನೂ ಇದರಲ್ಲಿಯೇ ಇಡೋಣವೆನ್ನುತ್ತಾರೆ. ಸ್ಥಳವೆಲ್ಲಿದೆಯೆಂದು ಅಳಿಯ ವಾದಿಸುತ್ತಾನೆ. ಇವರ ವ್ಯಾಜ್ಯ ತೀರುವ ಮೊದಲೇ ಹಾಡುಗಾರ್ತಿಯರ ಪೈಕಿ ಹಿರಿಯಳಾದ ಒಬ್ಬಾಕೆ ಮೊಮ್ಮಗಳೊಡನೆ ಶಾಲೆಗೆ ಬಂದು, ಕಪಾಟಿನ ಮೇಲಿನ ಪೆಟ್ಟಿಗೆಯನ್ನು ದಿಟ್ಟಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದಳಂತೆ: “ನಂದ ಅರ್ಧಾ ಹಾಡಷ್ಟ ಹಾಕೀರಿ, ಇದು ಬರೋಬರಿ ಅಲ್ಲ. ತಗೀರಿ ಅದನ್ನ. ಪೂರಾ ಹಾಡತೀನಿ, ಪೂರಾ ಹಾಕ್ರಿ.”